ಒತ್ತಿದರೂ ಏಳದ ಗಾಡಿ

ಗುಂಜೋಟಿ ಊರಿನ ಆ ಬಿಳಿ ಕಾರು ಮೊದಲ ಸಲ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ, ನಡೆಸಿಕೊಂಡು ಬಂದವನು ಕೆಳಗೆ ಇಳಿಯಲಿಲ್ಲ. ಎಂಜಿನ್ ಬಂದ್ ಮಾಡಿದ್ದ. ಆದರೂ ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಪಕ್ಕದ ಸೀಟಿನಿಂದ ಅವನ ತಂದೆ ಇಳಿದರು. ಬರಿಗಾಲಲ್ಲೇ ಹಿಂದಕ್ಕೆ ಹೋಗಿ, ಡಿಕ್ಕಿ ತೆಗೆದು, ಒಳಗಿದ್ದ ಚಪ್ಪಲಿ ಮೆಟ್ಟಿಕೊಂಡು ಬಂದರು. ಗುಂಜೋಟಿಯಲ್ಲಿ ತಲೆಮಾರುಗಳಿಂದ ಹೊಲ ಮಾಡಿಕೊಂಡು ಬಂದ ಮನೆತನ ಅವರದು. ನಾನು ಉಮರ್ಗಾದಲ್ಲಿ ಗ್ಯಾರೇಜು ಹಾಕಿದಾಗಿನಿಂದ ಅವರ ಮನೆಯ ಗಾಡಿಗಳೆಲ್ಲ ನನ್ನ ಕೈಯಲ್ಲೇ. ನಾನು ಅವರಿಗೆ ಕಾಕಾ ಅನ್ನುತ್ತೇನೆ.

"ಮಿಸ್ತ್ರಿ, ಈ ಗಾಡಿ ಒತ್ತಿದ್ರ ಏಳಂಗಿಲ್ಲ ನೋಡು," ಅಂದರು ಕಾಕಾ. "ಇವತ್ತ ಮನಿ ಮಂದಿಯೆಲ್ಲ ರೋಡಿನ ಮ್ಯಾಲ ಮಲಗೋರಿದ್ದಿವಿ."

ಮಗ ಒಳಗಿನಿಂದಲೇ ಹೇಳಿದ. ಗುಂಜೋಟಿ ಕಡೆಯಿಂದ ಬಂದು ಹೆದ್ದಾರಿ ದಾಟುತ್ತಿದ್ದ. ಹೈದರಾಬಾದಿನ ಕಡೆಯಿಂದ ಒಂದು ಟ್ಯಾಂಕರ್ ಬರುತ್ತಿತ್ತು, ಆದರೆ ದೂರದಲ್ಲಿತ್ತು. ದಾಟಬಹುದು ಎಂದು ಗಾಡಿ ಬಿಟ್ಟ.

"ಎಕ್ಸಲೇಟರ್ ಪೂರಾ ಒತ್ತಿನಿ ಅಣ್ಣಾ. ಗಾಡಿ ಎಮ್ಮಿ ನಡದಂಗ ನಡೀತು. ನಡು ರೋಡಿನಾಗ ಬಂದಿನಿ, ಹಿಂದ ಹೋಗ್ಲಾಕ ಬರಂಗಿಲ್ಲ, ಮುಂದ ಓಡಂಗಿಲ್ಲ. ಟ್ಯಾಂಕರದಂವ ಬ್ರೇಕ್ ಹಾಕಿದ್ದಕ್ಕ ಉಳದಿವಿ. ಹಿಂದ ಆಕಿ ಕೂತಿದ್ಳು."

ಆಕಿ ಅಂದರೆ ಅವನ ಹೆಂಡತಿ. ಎಂಟು ತಿಂಗಳು ತುಂಬಿದ ಬಸುರಿ. ತವರು ಉದಗೀರ. ಕುಬಸ, ಅಂದರೆ ಸೀಮಂತ, ಮಾಡಿ, ಇದೇ ಕಾರಿನಲ್ಲಿ ಕಾಸಾರಶಿರಸಿ, ನಿಲಂಗಾ ಮೇಲೆ ಹಾದು ಆಕೆಯನ್ನು ತವರಿಗೆ ಮುಟ್ಟಿಸಬೇಕಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ಅವರ ಮನೆಯ ನಡೆ.

"ಅಷ್ಟರಾಗ ಆಗ್ತದಿಲ್ಲೋ?" ಎಂದರು ಕಾಕಾ.

"ಆಗ್ಲಾರದೇನ ಕಾಕಾ? ನಿಶ್ಚಿಂತಿ ಇರ್ರಿ," ಎಂದೆ. ನನ್ನ ಕೈ ಮುಟ್ಟಿದ ಗಾಡಿ ಅದೇ ರೋಗಕ್ಕೆ ತಿರುಗಿ ಬರುವುದಿಲ್ಲ. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟವನು ನಾನು. ಇಷ್ಟು ವರ್ಷ ಊಟ ಹಾಕಿರುವುದು ಆ ಒಂದು ಮಾತು. ಧೈರ್ಯದಿಂದಲೇ ಹೇಳಿದೆ.

ಆದರೆ ಒಂದು ವಿಷಯ ಹೇಳಿಬಿಡುತ್ತೇನೆ. ಇಂಥ ಗಾಡಿಗಳೆಂದರೆ ನನಗೆ ಒಳಗೊಳಗೇ ಅಂಜಿಕೆ. ಹಳೆಯ ಗಾಡಿಯಲ್ಲಿ ಪೆಡಲಿನಿಂದ ಎಂಜಿನ್ ತನಕ ಒಂದು ಕೇಬಲ್ ಇರುತ್ತಿತ್ತು. ಕಾಲಿನಿಂದ ಒತ್ತಿದರೆ ಕೇಬಲ್ ಎಳೆಯುತ್ತದೆ, ಗಾಳಿಯ ಬಾಯಿ ತೆರೆಯುತ್ತದೆ. ಕೇಬಲ್ ಬಿಗಿಯಿದೆಯೋ ಸಡಿಲವೋ ಎಂಬುದನ್ನು ಬೆರಳಿನಿಂದ ಹಿಡಿದು ನೋಡಬಹುದು. ಈಗಿನ ಗಾಡಿಯಲ್ಲಿ ಆ ಕೇಬಲ್ಲೇ ಇಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್. ಕಾಲು ಎಷ್ಟು ಒತ್ತಿದೆ ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಒಂದು ಸಣ್ಣ ಮೋಟರಿಗೆ ಹೇಳುತ್ತದೆ. ಆ ಮೋಟರ್ ಎಂಜಿನ್ನಿನ ಬಾಯಲ್ಲಿರುವ ದುಂಡನೆಯ ಮುಚ್ಚಳವನ್ನು ತಿರುಗಿಸಿ ಗಾಳಿ ಬಿಡುತ್ತದೆ. ಮನುಷ್ಯನ ಕಾಲಿಗೂ ಎಂಜಿನ್ನಿಗೂ ನಡುವೆ ಇರುವುದು ಬರೀ ಕರೆಂಟು. ಅದನ್ನು ಬೆರಳಿನಿಂದ ಹಿಡಿಯಲು ಬರುವುದಿಲ್ಲ.

ಗಾಡಿ ಒಳಗೆ ತೆಗೆದುಕೊಂಡೆ. ಚಾಲಕನ ಕಾಲ ಕೆಳಗೆ ಒಂದು ಕರಿ ಕಂಬಳಿ ಮಡಿಚಿ ಹಾಸಿತ್ತು. ಹಿಂದಿನ ತಿಂಗಳು ಮಠದ ಅಯ್ಯನವರು ಈ ಕಾರಿನಲ್ಲಿ ಬಂದಿದ್ದರಂತೆ. ಅವರ ಪಾದದ ಕೆಳಗೆ ಹಾಸಿದ ಕಂಬಳಿ ಅದು. ಮನೆಯ ಹಿರಿಯಜೀವ, ಎಲ್ಲರೂ ಆಯಿ ಎನ್ನುವ ಕಾಕಾನ ತಾಯಿ, ಅದನ್ನು ಆಮೇಲೆ ಮಗ್ಗುಲು ಬದಲಿಸಿ ಗಾಡಿ ನಡೆಸುವವನ ಕಾಲ ಕೆಳಗೆ ಹಾಸಿದ್ದರು. ಅಂದಿನಿಂದ ಆ ಕಾರಿನಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಕೂಡುವುದಿಲ್ಲ.

ನಾನೂ ಅದೇ ನಡೆಯ ಮನೆಯಲ್ಲಿ ಹುಟ್ಟಿದವನು. ಆಯಿಲ್ ಮೆತ್ತಿದ ಕಾಲಿನಿಂದ ಅದನ್ನು ತುಳಿಯುವುದು ನನ್ನಿಂದ ಆಗದ ಮಾತು. ಕೈ ತೊಳೆದು, ಎರಡೂ ಕೈಯಿಂದ ಎತ್ತಿ, ಹಣೆಗೆ ಮುಟ್ಟಿಸಿ ಹಿಂದಿನ ಸೀಟಿನ ಮೇಲೆ ಇಟ್ಟೆ. ಆಮೇಲೆ ಕೆಲಸಕ್ಕೆ ನಿಂತೆ.

ಗಾಳಿಯ ಫಿಲ್ಟರ್ ತೆಗೆದೆ, ಹೊಲದ ಧೂಳು ತುಂಬಿತ್ತು. ಬ್ಯಾಟರಿಯ ತಂತಿ ಬಿಚ್ಚಿ, ಆ ಮುಚ್ಚಳವಿರುವ ಥ್ರಾಟಲ್ ಬಾಡಿಯನ್ನು ಕೈಗೆ ತೆಗೆದುಕೊಂಡೆ. ಮುಚ್ಚಳದ ಅಂಚಿನ ಸುತ್ತ ಕರಿ ಮಸಿ, ಬೆರಳಿಗೆ ಜಿಗುಟಾಗಿ ಅಂಟಿತು. ನೋಡಿ ಸಮಾಧಾನವಾಯಿತು. ರೋಗ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದಂತೆ. ಆ ಮುಚ್ಚಳವನ್ನು ಬೆರಳಿನಿಂದ ಜೋರು ಮಾಡಿ ದೂಡಬಾರದು, ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಬಟ್ಟೆಗೆ ಸ್ಪ್ರೇ ಹೊಡೆದು, ಅಂಚನ್ನು ತೀಡಿ ತೀಡಿ ಒರೆಸಿದೆ. ಮತ್ತೆ ಜೋಡಿಸಿ, ಚಾವಿ ತಿರುಗಿಸಿ, ಪೆಡಲ್ ಮುಟ್ಟದೆ ಕಾದೆ. ಮುಚ್ಚಳ ಈಗ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಂಪ್ಯೂಟರ್ ಹೊಸದಾಗಿ ಕಲಿಯಬೇಕು, ಅದಕ್ಕೆ ಅವಸರ ಮಾಡಬಾರದು. ಎಂಜಿನ್ ಶುರು ಮಾಡಿ, ಲೈಟು, ಎ.ಸಿ. ಯಾವುದೂ ಇಲ್ಲದೆ ಬಿಸಿಯಾಗಲು ಬಿಟ್ಟೆ. ಆಮೇಲೆ ನಿಲಂಗಾ ರಸ್ತೆಗೆ ಒಯ್ದು ಒತ್ತಿದೆ. ಗಾಡಿ ಹಾರಿತು.

ಕಾಕಾನ ಕೈಗೆ ಚಾವಿ ಕೊಟ್ಟೆ. "ನಾಯಿ ಬೆನ್ನ ಹತ್ತಿದ ಮೊಲದಂಗ ಓಡ್ತದ ನೋಡ್ರಿ," ಎಂದೆ.

ಒಂದು ವಾರವೂ ಆಗಿರಲಿಲ್ಲ. ಮಗನ ಫೋನು ಬಂತು. ಕಾಸಾರಶಿರಸಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ದಾಟಲು ಹೋಗಿದ್ದ. ಎದುರಿಗೆ ಬಸ್ಸು. ಒತ್ತಿದರೆ ಮತ್ತೆ ಅದೇ ಎಮ್ಮೆ ನಡಿಗೆ. ಬಸ್ಸಿನವನು ಮಣ್ಣಿಗೆ ಇಳಿದದ್ದರಿಂದ ಉಳಿದಿದ್ದ.

ಗಾಡಿ ತಂದು ನಿಲ್ಲಿಸಿದಾಗ ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸೋಲಾಪುರಕ ಕಂಪನಿಯವರ ಕಡಿ ಒಯ್ಯಲೇನೋ?" ಎಂದು ಮೆಲ್ಲಗೆ ಕೇಳಿದರು.

"ಒಯ್ಯೋದಿದ್ರ ಒಯ್ರಿ," ಎಂದೆ. "ಇಲ್ಲಾಂದ್ರ ನನಗ ಇನ್ನೊಂದು ಸಲ ಕೊಡ್ರಿ. ಗಾಡಿ ನಂದು ಅಂತ ತಿಳ್ದು ನೋಡ್ತಿನಿ."

ಕೊಟ್ಟು ಹೋದರು. ಕಂಬಳಿ ಎತ್ತಿದೆ. ಹಿಂದಿನ ಸಲಕ್ಕಿಂತ ದಪ್ಪಗೆ, ಭಾರವಾಗಿ ಅನಿಸಿತು. ತೊಳೆದಿದ್ದಾರೆ, ಇನ್ನೂ ಆರಿಲ್ಲ ಅಂದುಕೊಂಡೆ. ಹಣೆಗೆ ಮುಟ್ಟಿಸಿ ಹಿಂದಿನ ಸೀಟಿನ ಮೇಲಿಟ್ಟೆ.

ಈ ಸಲ ಸ್ಕ್ಯಾನರ್ ಹಚ್ಚಿದೆ. ಸ್ಟಿಯರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಗಾಡಿಯ ಹೊಟ್ಟೆಯಲ್ಲಿರುವುದೆಲ್ಲ ಪರದೆಯ ಮೇಲೆ ಬರುತ್ತದೆ. ದೋಷ ಒಂದೂ ಇಲ್ಲ. ಪೆಡಲ್ ಎಷ್ಟು ಒತ್ತಿದೆ ಎಂಬುದಕ್ಕೆ ಒಂದು ಅಂಕಿ, ಮುಚ್ಚಳ ಎಷ್ಟು ತೆರೆದಿದೆ ಎಂಬುದಕ್ಕೆ ಇನ್ನೊಂದು. ನಿಧಾನ ಒತ್ತಿದೆ, ಎರಡೂ ಜೋಡೆತ್ತಿನಂತೆ ಕೂಡಿಯೇ ಏರಿದವು. ಪೂರ್ತಿ ಒತ್ತಿದೆ, ಪೆಡಲಿನ ಅಂಕಿ ನೂರಕ್ಕೆ ಹೋಗಿ ನಿಂತಿತು. ಬಿಟ್ಟೆ, ಇಳಿಯಿತು. ಆ ಪೆಡಲಿನಲ್ಲಿ ಸೆನ್ಸರ್ ಒಂದಲ್ಲ, ಎರಡು. ಒಂದರ ಮಾತಿಗೆ ಇನ್ನೊಂದು ಸಾಕ್ಷಿ. ಎರಡರ ಮಾತು ಬೇರೆಯಾದರೆ ಚಾಲಕನ ಮುಂದೆ ಹಳದಿ ದೀಪ ಹತ್ತಬೇಕು. "ದೀಪ ಹತ್ತಿತ್ತೇನಪಾ?" ಎಂದು ಫೋನಿನಲ್ಲಿ ಮಗನನ್ನು ಕೇಳಿದೆ. "ಇಲ್ಲಣ್ಣಾ, ಒಮ್ಮಿನೂ ಹತ್ತಿಲ್ಲ," ಎಂದ.

ಅಲ್ಲಿಂದ ನನಗೆ ನಿಜವಾದ ಹೆದರಿಕೆ ಶುರುವಾಯಿತು. ದೋಷ ಸಿಕ್ಕಿದ್ದರೆ ಹೆದರುತ್ತಿರಲಿಲ್ಲ. ವೈರಿನ ಒಂದೊಂದು ಜೋಡಣೆ ಬಿಚ್ಚಿ ನೋಡಿದೆ, ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥಿಂಗ್ ತಂತಿ ಉಜ್ಜಿ ಕಟ್ಟಿದೆ, ಪೆಟ್ರೋಲಿನ ಒತ್ತಡ ನೋಡಿದೆ, ಸೈಲೆನ್ಸರ್ ಕಟ್ಟಿದೆಯೇನೋ ಎಂದು ನೋಡಿದೆ. ಎಲ್ಲ ಸರಿ. ಸರಿಯಿರುವ ಗಾಡಿ ನಡು ರಸ್ತೆಯಲ್ಲಿ ಯಾಕೆ ಸಾಯುತ್ತದೆ? ಕೊನೆಗೆ ಸೋಲಾಪುರದಿಂದ ಹೊಸ ಪೆಡಲ್ ತರಿಸಿ ಕೂಡಿಸಿದೆ. ಯಾವುದೂ ಸಿಗದಿದ್ದಾಗ ಭಾಗ ಬದಲಿಸುವುದು ಕುರುಡನ ಕೆಲಸ. ನನಗೆ ಅದು ಸೇರುವುದಿಲ್ಲ. ಆದರೂ ಮಾಡಿದೆ. ಗಾಡಿಯನ್ನು ಕಾಸಾರಶಿರಸಿ ತನಕ ಒಯ್ದೆ, ಏರಿನಲ್ಲಿ ಒತ್ತಿದೆ, ಟ್ರಕ್ಕುಗಳನ್ನು ದಾಟಿದೆ. ಒಮ್ಮೆಯೂ ಕೈ ಕೊಡಲಿಲ್ಲ.

ಗಾಡಿ ಒಯ್ಯಲು ಗಂಡ ಹೆಂಡತಿ ಕೂಡಿಯೇ ಬಂದರು. ಆಕೆ ಬೆನ್ನಿಗೆ ಕೈ ಕೊಟ್ಟು ನಿಂತಿದ್ದಳು. ಉದಗೀರದ ಹುಡುಗಿ, ಮಾತಿಗೆ ಹಿಂದೆ ಬೀಳುವವಳಲ್ಲ.

"ಆತೇನ್ರಿ ಅಣ್ಣಾ? ಇಲ್ಲಾ ನಾ ಉದಗೀರಕ ನಡಕೊಂತ ಹೋಗಲಿ?"

"ಆಗ್ಯದವ್ವಾ, ಕೂಡು," ಎಂದೆ. ಆಕೆಯ ಮುಖ ನೋಡಿ ಹೇಳಲು ಆಗಲಿಲ್ಲ. ಟಾಯರಿನ ಕಡೆ ನೋಡುತ್ತ ಹೇಳಿದೆ.

ಅವತ್ತಿನಿಂದ ಹೆದ್ದಾರಿಯಲ್ಲಿ ಜೋರಾಗಿ ಹಾರ್ನ್ ಕೇಳಿದರೆ ಸಾಕು, ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೈಯಲ್ಲೇ ನಿಲ್ಲುತ್ತಿತ್ತು. ಫೋನು ರಿಂಗಾದರೆ ಮೊದಲು ಹೆಸರು ನೋಡುತ್ತಿದ್ದೆ, ಗುಂಜೋಟಿಯದಲ್ಲ ಎಂದು ಕಂಡರೆ ಉಸಿರು ಬಿಡುತ್ತಿದ್ದೆ. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಏಳುತ್ತಿದ್ದೆ. ಗಾಡಿ ಸರಿ ಮಾಡಿಕೊಟ್ಟೆ ಎಂದು ನನಗೆ ನಂಬಿಕೆ ಇರಲಿಲ್ಲ. ಕೆಟ್ಟಿದೆ ಎಂದು ಹೇಳಲು ಆಧಾರವೂ ಇರಲಿಲ್ಲ.

ಕೊನೆಗೆ ಫೋನು ಬಂದೇ ಬಂತು. ಎತ್ತಿದರೆ ಹೆಣ್ಣುದನಿ.

"ಅಣ್ಣಾ, ನಾನ್ರೀ, ಗುಂಜೋಟಿಯಾಕಿ. ಇವರಿಗಿ ನಿಮಗ ಫೋನ್ ಮಾಡ್ಲಾಕ ನಾಚಿಕಿ ಬರ್ಲಾಕತ್ಯದ. ಅದಕ್ಕ ನಾನೇ ಮಾಡಿನಿ."

ಅಲ್ಲೇ ಟಾಯರಿನ ಮೇಲೆ ಕೂತೆ. "ಏನಾತವ್ವಾ? ಎಲ್ಲಾರೂ ಸುಖದಾಗ ಅದೀರಿಲ್ಲೋ?"

"ಸುಖದಾಗ ಅದೀವಿ. ಗಾಡಿ ಮತ್ತ ಅದೇ ಹಾಡು ಹಾಡ್ತದ. ಈಗ ಮೊದಲಿಗಿಂತ ಜಾಸ್ತಿ. ನಾಡದು ಉದಗೀರಕ ಹೋಗಬೇಕು. ಬ್ಯಾರೆ ಗಾಡಿ ಮಾಡ್ಕೊಂಡು ಹೋಗಮಾ ಅಂದ್ರ ಆಯಿ ಕೇಳವಲ್ರು. ಅಯ್ಯನೋರು ಕೂತ ಗಾಡಿನೇ ಆಗಬೇಕಂತ." ನಕ್ಕಳು. "ಅಣ್ಣಾ, ನನಗ ಅನಸ್ತದ, ಈ ಗಾಡಿ ನಿಮಗ ಅಂಜತದ. ನೀವು ಕೂತ್ರ ಓಡ್ತದ. ನಮ್ಮೋರು ಕೂತ್ರ ಮಲಗ್ತದ."

ಆಕೆ ಚೇಷ್ಟೆಗೆ ಅಂದದ್ದು. ಫೋನಿಟ್ಟ ಮೇಲೆ ಆ ಮಾತು ನನ್ನ ತಲೆಯಲ್ಲೇ ಕೂತಿತು. ನಾನು ಕೂತರೆ ಓಡುತ್ತದೆ. ನಾನು ನೋಡಿದ್ದು ನನ್ನ ಕೈಯಲ್ಲಿದ್ದ ಗಾಡಿಯನ್ನು ಮಾತ್ರ. ಅವರ ಅಂಗಳದಲ್ಲಿ ನಿಂತ ಗಾಡಿಯನ್ನು, ಅವರು ಕೂತ ಗಾಡಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹಾಗಾದರೆ ಇನ್ನು ಗ್ಯಾರೇಜಿಗೆ ತರಿಸಬಾರದು. ನಾನೇ ಹೋಗಬೇಕು. ಏನನ್ನೂ ಮುಟ್ಟಬಾರದು, ಏನನ್ನೂ ಬಿಚ್ಚಬಾರದು. ಅವನು ನಡೆಸಲಿ, ನಾನು ಪಕ್ಕದಲ್ಲಿ ಕೂಡುತ್ತೇನೆ.

ಆ ತೀರ್ಮಾನ ಮಾಡಿದ ಮೇಲೆ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎರಡು ಸಲ ಸಾವಿನ ಬಾಯಿಂದ ಬಂದ ಗಾಡಿಯಲ್ಲಿ ನಾನೇ ಹೋಗಿ ಕೂಡಬೇಕಿತ್ತು.

ಮರುದಿನ ಬೆಳಿಗ್ಗೆ ಸ್ಕ್ಯಾನರನ್ನು ಚೀಲದಲ್ಲಿ ಹಾಕಿಕೊಂಡು ಮೋಟರ್ ಸೈಕಲ್ ಮೇಲೆ ಗುಂಜೋಟಿಗೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಂದೇನೋ ಮಿಸ್ತ್ರಿ? ನಮ್ಮ ಸೊಸಿ ಹಡಿಯೋದು ಉದಗೀರದಾಗೋ, ನಿನ್ನ ಗ್ಯಾರೇಜಿನಾಗೋ?"

"ಉದಗೀರದಾಗೇ, ಆಯಿ," ಎಂದು ಚಪ್ಪಲಿ ಕಳಚಿ ಕಾರು ಹತ್ತಿದೆ. ಮಗ ಸ್ಟಿಯರಿಂಗ್ ಹಿಡಿದ. ನಾನು ಸ್ಕ್ಯಾನರಿನ ವೈರ್ ಸಿಕ್ಕಿಸಿ, ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಊರು ದಾಟಿ ಉಮರ್ಗಾ ರಸ್ತೆಗೆ ಬಂದೆವು. ಎರಡೂ ಕಡೆ ಕಬ್ಬು. ಮುಂದೆ ದೂರದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಎರಡು ಟ್ರಾಲಿ ಎಳೆಯುತ್ತ ಹೋಗುತ್ತಿತ್ತು. ರಸ್ತೆ ಖಾಲಿ ಇತ್ತು.

"ಈಗ ಒತ್ತಪಾ, ಪೂರಾ."

ಅಂಕಿ ಏರಿತು. ಇಪ್ಪತ್ತು, ಮೂವತ್ತು, ನಲವತ್ತು. ಐವತ್ತು ಮುಟ್ಟಲಿಲ್ಲ. ನಿಂತುಬಿಟ್ಟಿತು.

"ಪೂರಾ ಒತ್ತು ಅಂದ್ನೆಲ್ಲ?"

"ಒತ್ತಿನ್ರೀ."

"ಅಲ್ಲಪಾ, ಬುಡಕ ಹತ್ತೂ ತನಕ!"

"ಬುಡಕ ಹತ್ಯದ ಅಣ್ಣಾ! ಇನ್ನೇನ, ಕಾಲು ಮುರಕೊಳ್ಳಲಿ?"

ಮುಚ್ಚಳದ ಅಂಕಿಯೂ ಅಲ್ಲಿಗೇ ನಿಂತಿತ್ತು. ಕಂಪ್ಯೂಟರ್ ಸುಳ್ಳು ಹೇಳುತ್ತಿರಲಿಲ್ಲ. ಕಾಲು ಅರ್ಧ ಕೇಳಿತ್ತು, ಅದು ಅರ್ಧ ಕೊಟ್ಟಿತ್ತು. ನಾನು ಬಗ್ಗಿ ಅವನ ಕಾಲಿನ ಕಡೆ ನೋಡಿದೆ. ಬರಿಗಾಲು. ಕಾಲಿನ ಕೆಳಗೆ ಪೆಡಲ್. ಪೆಡಲಿನ ಕೆಳಗೆ, ದಿಂಬಿನಷ್ಟು ದಪ್ಪ, ಕಂಬಳಿ. ಮೊದಲ ಸಲ ನಾನು ಎತ್ತಿದಾಗ ಅದು ಎರಡು ಮಡಿಕೆ ಇತ್ತು. ಈಗ ಎಷ್ಟು ಮಡಿಕೆ ಇತ್ತೋ, ಪೆಡಲ್ ಅದರ ಮೇಲೆ ಕೂತುಬಿಟ್ಟಿತ್ತು. ಕೆಳಗೆ ಹೋಗಲು ಜಾಗವೇ ಇರಲಿಲ್ಲ.

"ಬಿಡು, ಕಾಲು ತೆಗಿ," ಎನ್ನುವಷ್ಟರಲ್ಲಿ ಅವನು ಸಿಟ್ಟಿನಿಂದ ಹಿಮ್ಮಡಿ ಎತ್ತಿ ಜೋರಾಗಿ ಒದ್ದ. ಕಂಬಳಿ ಜಾರಿತು. ಪೆಡಲ್ ಸರಕ್ಕನೆ ಬುಡಕ್ಕೆ ಇಳಿಯಿತು. ಜಾರಿದ ಕಂಬಳಿಯ ಮಡಿಕೆ ಮೇಲಕ್ಕೆ ಎದ್ದು ಪೆಡಲಿನ ಮೇಲೆ ಹತ್ತಿ ಕೂತಿತು. ಪರದೆಯ ಮೇಲೆ ಅಂಕಿ ನೂರು.

ಕಾರು ಚೀರಿತು. ಬೆನ್ನು ಸೀಟಿಗೆ ಬಡಿಯಿತು. ಅವನು ಕಾಲು ತೆಗೆದ. ಅಂಕಿ ನೂರೇ.

"ಅಣ್ಣಾ, ಬಿಡವಲ್ದು! ಬಿಡವಲ್ದು!"

ಟ್ರಾಲಿಯ ಹಿಂದೆ ಜೋತುಬಿದ್ದ ಕಬ್ಬಿನ ಸುಳಿಗಳು ಒಂದೊಂದಾಗಿ ಕಾಣುವಷ್ಟು ಹತ್ತಿರ ಬಂದಿದ್ದೆವು. ಅವನು ಬ್ರೇಕಿನ ಮೇಲೆ ನಿಂತಿದ್ದ, ಎಂಜಿನ್ ಅದರ ಮೇಲೆ ಹಾಯ್ದು ದೂಡುತ್ತಿತ್ತು. "ಕ್ಲಚ್! ಕ್ಲಚ್ ಒತ್ತೋ!" ಎಂದು ಕೂಗಿದೆ. ಅವನಿಗೆ ಕೇಳಲಿಲ್ಲ. ಗೇರಿನ ಹಿಡಿಕೆ ನನ್ನ ಬಲಗೈ ಹತ್ತಿರ ಇತ್ತು. ಹಿಡಿದು ಎಳೆದೆ. ಬರಲಿಲ್ಲ. ಮತ್ತೆ ಮೈಯೆಲ್ಲ ಹಾಕಿ ಎಳೆದೆ. ಕಟ್ ಎಂದು ನ್ಯೂಟ್ರಲಿಗೆ ಬಂತು. ಎಂಜಿನ್ ತನ್ನಷ್ಟಕ್ಕೆ ಬೊಬ್ಬೆ ಹೊಡೆಯಿತು, ಆದರೆ ಗಾಲಿಗೆ ದೂಡುವುದು ನಿಂತಿತು. ಬ್ರೇಕ್ ಹಿಡಿಯಿತು. ಕಾರು ಎಡಕ್ಕೆ ಎಳೆದು, ಮಣ್ಣಿಗೆ ಇಳಿದು, ಕಬ್ಬಿನ ಮಗ್ಗುಲಲ್ಲಿ ನಿಂತಿತು. ನಾನೇ ಕೈ ಚಾಚಿ ಚಾವಿ ತಿರುಗಿಸಿದೆ.

ಟ್ರ್ಯಾಕ್ಟರಿನವನಿಗೆ ಏನೂ ಗೊತ್ತಾಗಲಿಲ್ಲ. ಹಾಡು ಹಚ್ಚಿಕೊಂಡು ಮುಂದೆ ಹೋದ.

ನಾನು ಬಗ್ಗಿ ಪೆಡಲಿನ ಮೇಲಿಂದ ಆ ಮಡಿಕೆ ಸರಿಸಿದೆ. ಟಪ್ ಎಂದು ಪೆಡಲ್ ಮೇಲೆ ಬಂತು.

"ಇದು ಇಷ್ಟ ದಪ್ಪ ಯಾವಾಗ ಆತು?" ಎಂದು ಕೇಳಿದೆ.

ಮಗ ನೆನಪು ಮಾಡಿ ಮಾಡಿ ಹೇಳಿದ. ಅಯ್ಯನವರು ಹೋದ ಮೇಲೆ ಎರಡು ಮಡಿಕೆ ಹಾಸಿದ್ದರು. ಹೆದ್ದಾರಿಯ ಟ್ಯಾಂಕರಿನ ಸುದ್ದಿ ಕೇಳಿ ಆಯಿ ಹೆದರಿ, ಕಾಪಾಡಲಿ ಎಂದು ಇನ್ನೊಂದು ಮಡಿಕೆ ಹಾಕಿದರು. ಬಸ್ಸಿನ ಸುದ್ದಿ ಕೇಳಿ ಮತ್ತೊಂದು. ನಾನು ಪ್ರತಿ ಸಲ ಅದನ್ನು ಭಕ್ತಿಯಿಂದ ಎತ್ತಿ ಹಿಂದೆ ಇಟ್ಟು, ಬರಿ ನೆಲದ ಮೇಲೆ ಪೆಡಲ್ ಒತ್ತಿ ನೋಡಿ, ಗಾಡಿ ಸರಿಯಿದೆ ಎಂದು ಕೊಡುತ್ತಿದ್ದೆ. ಮನೆಗೆ ಹೋದ ಕೂಡಲೇ ಆಯಿ ಮತ್ತೆ ಹಾಸುತ್ತಿದ್ದರು. ಅವರೂ ಹೆದರಿದ್ದರು, ನಾನೂ ಹೆದರಿದ್ದೆ. ಅವರು ಹೆದರಿದಷ್ಟು ಕಂಬಳಿ ದಪ್ಪವಾಗುತ್ತ ಹೋಗಿತ್ತು.

"ಆಯಿಗಿ ಹ್ಯಾಂಗ ಹೇಳಾದು ಅಣ್ಣಾ?" ಎಂದ ಮಗ. "ಕಂಬಳಿ ಮ್ಯಾಲ ಮಾತು ಬಂದ್ರ ಉಣ್ಣೋದು ಬಿಡ್ತಾಳ."

ಕಾರನ್ನು ನಾನೇ ನಡೆಸಿಕೊಂಡು ಅಂಗಳಕ್ಕೆ ತಂದೆ. ಟ್ರಾಲಿಯ ಮುಂದೆ ಆದ ಹೆದರಿಕೆ ಒಂದು ತರಹ. ಆ ಮುದುಕಿಯ ಮುಂದೆ ನಿಂತಾಗಿನದು ಇನ್ನೊಂದು ತರಹ. ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಮುಂದೆ ಹೋದೆ. ಕಾಕಾ, ಸೊಸೆ ಎಲ್ಲ ಹೊರಗೆ ಬಂದರು. ನಾನು ಆದದ್ದನ್ನು ಆದಂತೆ ಹೇಳಿದೆ.

ಆಯಿ ಕೋಲನ್ನು ಕಟ್ಟೆಯ ಮೇಲೆ ಇಟ್ಟರು. "ಅಂದ್ರ ನನ್ನ ಕೈಲೇ ಆತೇನೋ? ನಾನೇ ಕೊಲ್ತಿದ್ನೇನೋ ಇವರಿಗಿ?"

"ಆಯಿ, ಕಂಬಳಿದು ತಪ್ಪಿಲ್ಲ, ನಿಮ್ಮದೂ ಇಲ್ಲ. ಜಾಗಾ ಅಷ್ಟೇ ತಪ್ಯದ. ಪೆಡಲಿನ ಕೆಳಗ ಕಾಗದದ ತುಣುಕನೂ ಇರಬಾರದು. ನಾ ಎರಡ ಸಲ ನನ್ನ ಕೈಲೇ ಎತ್ತಿನಿ, ನನಗೇ ತಿಳೀಲಿಲ್ಲ."

ಆಗ ಸೊಸೆ ಮುಂದೆ ಬಂದು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟು, ನನ್ನ ಕೈಯಿಂದ ಕಂಬಳಿ ತೆಗೆದುಕೊಂಡಳು.

"ಆಯಿ, ನಾ ಹಿಂದ ಕೂಡಾಕಿ. ನನಗ ಕೆಳಗ ಹಾಸಿ ಕೊಡ್ರಿ. ಇವರ ಕಾಲಿಗಿ ಯಾಕ? ಇವರೇನ ಹಡಿಯೋರಾ?"

ಕಾಕಾ ಒಮ್ಮೆಲೆ ನಕ್ಕುಬಿಟ್ಟರು. ಆಯಿ ನಗಲಿಲ್ಲ. ಆದರೆ ಎದ್ದು ಬಂದು, ಹಿಂದಿನ ಬಾಗಿಲು ತೆಗೆಸಿ, ತಮ್ಮ ಕೈಯಿಂದಲೇ ಎಲ್ಲ ಮಡಿಕೆ ಬಿಚ್ಚಿ, ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಹಾಸಿದರು. ಸುಕ್ಕು ಒಂದೊಂದಾಗಿ ತೀಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಳಿಗಿ ನೀನೂ ಬರಬೇಕು. ಎರಡ ಸಲ ಸರಿ ಆಗ್ಯದ ಅಂದಿ. ಈಗ ಮೂರನೇದು. ಈ ಸಲ ಗಾಡಿಯಾಗ ಕೂತು ಹೇಳು."

ಬರುತ್ತೇನೆ ಎಂದೆ.

ಮರುದಿನ ಹೊರಟೆವು. ಡಿಕ್ಕಿ ತುಂಬ ಕುಬಸದ ಸಾಮಾನು, ಬುಟ್ಟಿ, ಸೀರೆಯ ಗಂಟು. ಮಗ ನಡೆಸಿದ, ನಾನು ಪಕ್ಕದಲ್ಲಿ. ಹಿಂದೆ ಸೊಸೆ ಮತ್ತು ಆಯಿ. ನಾನು ಪೆಡಲಿನ ಕೆಳಗೆ ಕೈ ಹಾಕಿ ಬರಿ ನೆಲ ಮುಟ್ಟಿ ನೋಡಿದ ಮೇಲೆಯೇ ಹೊರಡಲು ಬಿಟ್ಟೆ. ಹೆದ್ದಾರಿಯ ಅದೇ ಅಡ್ಡರಸ್ತೆಗೆ ಬಂದಾಗ ಎರಡೂ ಕಡೆಯಿಂದ ಲಾರಿಗಳು ಬರುತ್ತಿದ್ದವು. ಮಗ ಕಾದ. ಹಿಂದೆ ಆಯಿ ಬಾಯಲ್ಲೇ ಜಪ ಶುರು ಮಾಡಿದರು. ಒಂದು ಸಂದು ಸಿಕ್ಕಿತು. ಒತ್ತಿದ. ಕಾರು ಒಂದೇ ಏಟಿಗೆ ಆಚೆ ದಂಡೆಗೆ ಹೋಯಿತು. ನಾನು ರಸ್ತೆ ನೋಡಲಿಲ್ಲ, ಅವನ ಕಾಲು ನೋಡುತ್ತಿದ್ದೆ.

ಕಾಸಾರಶಿರಸಿ ಹೋಯಿತು, ನಿಲಂಗಾ ಹೋಯಿತು. ದಾರಿಯುದ್ದಕ್ಕೂ ಟ್ರ್ಯಾಕ್ಟರು, ಬಸ್ಸು, ಎಮ್ಮೆ, ಸಂತೆಗೆ ಹೊರಟ ಮಂದಿ. ಒಂದೊಂದನ್ನು ದಾಟುವಾಗಲೂ ನಾನು ಬಾಗಿಲಿನ ಹಿಡಿಕೆ ಹಿಡಿಯುತ್ತಿದ್ದೆ, ದಾಟಿದ ಮೇಲೆ ಬಿಡುತ್ತಿದ್ದೆ. ರೋಗ ಸಿಕ್ಕಿದೆ, ಕಾರಣ ಗೊತ್ತಾಗಿದೆ, ಇನ್ನು ಹೆದರಬೇಕಾಗಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಮೈ ಕೇಳುತ್ತಿರಲಿಲ್ಲ.

ಈಗ ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಆಗಿದೆ. ಯಾವ ಗಾಡಿ ಬಂದರೂ ಮೊದಲು ಮಾಲೀಕನನ್ನೇ ಕೂಡಿಸುತ್ತೇನೆ. ಮನೆಯಲ್ಲಿ ಹೇಗೆ ಕೂಡುತ್ತೀರೋ ಹಾಗೇ ಕೂಡ್ರಿ, ಹಾಗೇ ಒತ್ತಿ ಎನ್ನುತ್ತೇನೆ. ಅದನ್ನು ನೋಡಿದ ಮೇಲೆಯೇ ಕೆಳಗಿನದನ್ನು ಎತ್ತುತ್ತೇನೆ. ಎತ್ತುವುದು ಮಾತ್ರ ಈಗಲೂ ಎರಡೂ ಕೈಯಿಂದಲೇ.

ಅವತ್ತು ಉದಗೀರದಲ್ಲಿ ಆಕೆಯ ತವರಿನ ಬಾಗಿಲಲ್ಲಿ ಕಾರು ನಿಂತಿತು. ಒಳಗಿನಿಂದ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಬಂದರು. ಮಗ ಇಳಿದ, ಆಯಿ ಇಳಿದರು. ನಾನು ಕೂತೇ ಇದ್ದೆ. ಸೊಸೆ ಹಿಂದಿನಿಂದ ಬಗ್ಗಿ ನನ್ನ ಕಾಲಿನ ಕಡೆ ನೋಡಿದಳು.

"ಅಣ್ಣಾ, ಉದಗೀರ ಬಂತ್ರಿ. ಇನ್ನ ಬ್ರೇಕ್ ಬಿಡ್ರಿ."

ಆಗಲೇ ನನಗೆ ಗೊತ್ತಾಗಿದ್ದು. ಏನೂ ಇಲ್ಲದ ಕಡೆ ನನ್ನ ಬಲಗಾಲು ನೆಲವನ್ನು ಅಷ್ಟೂ ಜೋರಿನಿಂದ ಒತ್ತಿ ಹಿಡಿದಿತ್ತು. ಮೀನಖಂಡ ಕಲ್ಲಾಗಿತ್ತು. ಬಿಡಿಸಿಕೊಂಡು ಇಳಿದರೆ ಕೆಳಗೆ ಸುಡುವ ಹಾಸುಗಲ್ಲು. ಕಂಬಳಿ ಹಿಂದೆ ಹೋಗಿತ್ತು, ಚಪ್ಪಲಿ ಬಿಡುವ ನಡೆ ಹೋಗಿರಲಿಲ್ಲ. ಅವರೆಲ್ಲ ರೂಢಿಯಂತೆ ಡಿಕ್ಕಿಯಿಂದ ತಮ್ಮ ತಮ್ಮ ಚಪ್ಪಲಿ ತೆಗೆದುಕೊಂಡರು. ನನ್ನವು ಗುಂಜೋಟಿಯ ಕಟ್ಟೆಯ ಕೆಳಗೇ ಉಳಿದಿದ್ದವು.

ಉಂಡು ಹೋಗು ಎಂದರು. ಉಂಡೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಮಗ ಅಲ್ಲೇ ಉಳಿಯುವವನಿದ್ದ, ನಾನು ಬಸ್ಸಿಗೆ ಹೊರಟೆ. ಆಯಿ ಬಾಗಿಲ ತನಕ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು.

ನಿಲಂಗಾ ಬಸ್ಸಿನಲ್ಲಿ ಕಂಡಕ್ಟರ್ ಟಿಕೀಟು ಹರಿಯುತ್ತ ನನ್ನ ಹಣೆ ನೋಡಿದ, ಆಮೇಲೆ ಧೂಳು ಹತ್ತಿದ ಬರಿಗಾಲು ನೋಡಿದ.

"ಕಾಯ್ ಮಾಮಾ, ಅನವಾಣೀ? ನವಸ ಆಹೆ ಕಾ?" ಎಂದ. ಬರಿಗಾಲಲ್ಲಿ ಯಾಕೆ, ಹರಕೆಯೇನಾದರೂ ಇದೆಯೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದ.

"ಹೋತಾ," ಎಂದೆ. ಇತ್ತು. "ಫೇಡಲಾ." ತೀರಿಸಿದೆ.